ಈ ಮಾತಿಗೆ ನಗಬೇಕಾದರೆ ಜನ ಏನನ್ನು ನಂಬಿರಬೇಕು?

ಪ್ರಶ್ನೆ: ಸರ್, ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಗಣೇಶನ ಹಬ್ಬಕ್ಕೆ ನಮ್ಮ ಹುಡುಗರ ಸಂಘದಿಂದ ಪ್ರತಿ ವರ್ಷ ಒಂದು ಹಾಸ್ಯ ನಾಟಕ ಆಡುತ್ತೇವೆ. ಹೋದ ವರ್ಷದ ನಾಟಕದಲ್ಲಿ ಹೆಣ್ಣು ನೋಡಲು ಬರುವ ಗಂಡು ತೊದಲುತ್ತಾನೆ. ಇನ್ನೊಬ್ಬ ಹುಡುಗ ಸೀರೆ ಉಟ್ಟು, ಚಪ್ಪಾಳೆ ತಟ್ಟಿಕೊಂಡು ಬರುತ್ತಾನೆ. ಊರಿನ ರಸ್ತೆ ಕೆಲಸ ಮಾಡಿಸಿದ ಕಂಟ್ರಾಕ್ಟರ್ ಬಗ್ಗೆಯೂ ಒಂದು ಸೀನ್ ಇತ್ತು. ಜನ ಬಿದ್ದು ಬಿದ್ದು ನಕ್ಕರು. ಆದರೆ ಒಂದು ಮನೆಯವರು ಅರ್ಧಕ್ಕೇ ಎದ್ದು ಹೋದರು, ಅವರ ಮಗನಿಗೆ ತೊದಲು ಇದೆ. ಕಂಟ್ರಾಕ್ಟರ್ ಕೂಡ ಬೇಜಾರಾಗಿದ್ದಾರೆ ಅಂತ ಸುದ್ದಿ. ಈ ಸಲ ಸಂಘದಲ್ಲಿ ಎರಡು ಗುಂಪಾಗಿದೆ. ಕೆಲವರು "ಯಾರಿಗೂ ನೋವಾಗೋದು ಬೇಡ, ಎಲ್ಲಾ ತೆಗೆದುಬಿಡೋಣ" ಅನ್ನುತ್ತಾರೆ. ಇನ್ನು ಕೆಲವರು "ಹಾಸ್ಯಾನ ಹಾಸ್ಯವಾಗಿ ತಗೋಬೇಕು" ಅನ್ನುತ್ತಾರೆ. ಗೆರೆ ಎಲ್ಲಿ ಎಳೆಯಬೇಕು ಸರ್?

ಉತ್ತರ:

ಎದ್ದು ಹೋದ ಮನೆಯವರಿಗೂ ನೋವಾಗಿದೆ, ಕಂಟ್ರಾಕ್ಟರಿಗೂ ನೋವಾಗಿದೆ. ನೀವು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ತೊಡಕು ಶುರುವಾಗೋದೇ ಅಲ್ಲಿ. ನೋವಾಯಿತು ಅನ್ನುವುದನ್ನೇ ಗೆರೆ ಅಂದುಕೊಂಡರೆ, ಡಾಂಬರು ಕಿತ್ತುಹೋದ ರಸ್ತೆಯ ಬಗ್ಗೆ ಮಾತಾಡುವ ಹಾಗಿಲ್ಲ, ಯಾಕೆಂದರೆ ಕಂಟ್ರಾಕ್ಟರಿಗೆ ನೋವಾಗುತ್ತದೆ. ಕುಡಿದು ಬಂದು ಹೆಂಡತಿಗೆ ಹೊಡೆಯುವವನ ಬಗ್ಗೆಯೂ ಮಾತಾಡುವ ಹಾಗಿಲ್ಲ, ಅವನಿಗೂ ನೋವಾಗುತ್ತದೆ. ಹಾಗಾಗಿ ನಿಮ್ಮ ಮೊದಲನೇ ಗುಂಪಿನ ಮಾತನ್ನು ನಾನು ಒಪ್ಪುವುದಿಲ್ಲ.

ಎರಡನೇ ಗುಂಪಿನ ಮಾತನ್ನೂ ಒಪ್ಪುವುದಿಲ್ಲ. "ಹಾಸ್ಯಾನ ಹಾಸ್ಯವಾಗಿ ತಗೋಬೇಕು" ಅನ್ನುವುದು ನೋಡುವವರು ಬೇಕಾದರೆ ತಾವಾಗಿಯೇ ಹೇಳಿಕೊಳ್ಳುವ ಮಾತು. ಆಡುವವರು ಅದನ್ನು ಹಕ್ಕಿನ ಥರ ಕೇಳುವುದಕ್ಕೆ ಆಗುವುದಿಲ್ಲ. ಸ್ಟೇಜ್ ನಿಮ್ಮದು, ಮೈಕ್ ನಿಮ್ಮದು, ನಗುವ ಜನ ನಿಮ್ಮ ಕಡೆ. ಕೆಳಗೆ ಕೂತವನ ಹತ್ತಿರ ಏನಿದೆ ಹೇಳಿ? ಎದ್ದು ಹೋಗುವುದೊಂದೇ ಇದೆ.

ಈ ಜಗಳ ಇವತ್ತಿನದಲ್ಲ. ಭರತನ ನಾಟ್ಯಶಾಸ್ತ್ರದ ಕೊನೆಯಲ್ಲಿ ಇದೇ ಕಥೆ ಬರುತ್ತದೆ. ಭರತನ ಮಕ್ಕಳು ನಟರು. ಕಲೆ ಕೈಗೆ ಹತ್ತಿದ ಮೇಲೆ ಋಷಿಗಳನ್ನೇ ಆಡಿಕೊಂಡು ಪ್ರಹಸನ ಮಾಡಿದರು. ಋಷಿಗಳಿಗೆ ಸಿಟ್ಟು ಬಂತು, ಶಾಪ ಕೊಟ್ಟರು. ಆ ಶಾಪದಲ್ಲಿ ಈ ನಟರ ಕುಲ ಕೆಳಗಿಳಿಯಲಿ ಅನ್ನುವುದೂ ಸೇರಿತ್ತು. ಆಮೇಲೆ ದೇವತೆಗಳು ಬಂದು ಬೇಡಿಕೊಂಡರು. ನಾಟ್ಯ ನಾಶವಾಗುವುದಿಲ್ಲ, ಆದರೆ ಉಳಿದ ಶಾಪ ಹಾಗೇ ಇರುತ್ತದೆ ಅಂದರು ಋಷಿಗಳು. ನನಗೆ ಅಲ್ಲಿ ಎದ್ದು ಕಾಣುವುದು ಇಷ್ಟು: ನೊಂದವರು ದೊಡ್ಡವರಾಗಿದ್ದರು, ಅದಕ್ಕೇ ಅವರ ಸಿಟ್ಟು ತಟ್ಟಿತು. ನಿಮ್ಮೂರಿನ ತೊದಲುವ ಹುಡುಗನ ಸಿಟ್ಟು ಯಾರಿಗೂ ತಟ್ಟುವುದಿಲ್ಲ. ಅವನ ಬಗ್ಗೆ ಜೋಕು ಮಾಡುವುದು ಸುಲಭ ಅನ್ನಿಸುವುದೂ ಅದೇ ಕಾರಣಕ್ಕೆ.

ಹಾಗಾದರೆ ಗೆರೆ ಎಲ್ಲಿದೆ? ವಿಷಯದಲ್ಲಿ ಇಲ್ಲ. ಸಾವು, ಜಾತಿ, ದೇವರು, ರೋಗ, ಬಡತನ, ಯಾವುದರ ಬಗ್ಗೆಯೂ ಒಳ್ಳೆಯ ಹಾಸ್ಯ ಮಾಡಬಹುದು, ಮಾಡಿದವರೂ ಇದ್ದಾರೆ. ಉದ್ದೇಶದಲ್ಲೂ ಪೂರ್ತಿ ಇಲ್ಲ. ನಿಮ್ಮ ಹುಡುಗರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅಂತ ನಾನೂ ನಂಬುತ್ತೇನೆ, ಆದರೂ ಆ ಮನೆಯವರು ಎದ್ದು ಹೋದರು ಅಲ್ವಾ? ಸ್ಕ್ರಿಪ್ಟ್ ತಿದ್ದುವಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಈ ಮಾತಿಗೆ ಜನ ನಗಬೇಕಾದರೆ, ನಗುವುದಕ್ಕೆ ಮೊದಲೇ ಅವರು ಏನನ್ನು ನಂಬಿರಬೇಕು?

ನಿಮ್ಮ ಕಂಟ್ರಾಕ್ಟರ್ ಸೀನಿಗೆ ಇದನ್ನು ಹಚ್ಚಿ ನೋಡಿ. ಜನ ನಗಬೇಕಾದರೆ, ದುಡ್ಡು ತಿಂದು ಕೆಟ್ಟ ಕೆಲಸ ಮಾಡುವವರು ಇದ್ದಾರೆ ಅಂತ ನಂಬಿರಬೇಕು. ಸರಿ, ನಂಬಲಿ. ಅದರಲ್ಲಿ ಹೇಸಿಗೆ ಪಡುವಂಥದ್ದು ಏನೂ ಇಲ್ಲ. ಈಗ ತೊದಲುವ ಗಂಡಿನ ಸೀನ್. ಜನ ನಗಬೇಕಾದರೆ, ತೊದಲುವವನು ಪೆದ್ದ, ಅವನಿಗೆ ಹೆಣ್ಣು ಕೊಡುವುದು ದಂಡ ಅಂತ ಒಳಗೊಳಗೇ ಒಪ್ಪಿಕೊಂಡಿರಬೇಕು. ಆ ನಂಬಿಕೆ ಇಲ್ಲದವನಿಗೆ ಆ ಸೀನಿನಲ್ಲಿ ನಗುವುದಕ್ಕೆ ಏನೂ ಸಿಗುವುದಿಲ್ಲ. ಅದೂ ಅಲ್ಲದೆ ಆ ನಂಬಿಕೆ ಸುಳ್ಳು. ತೊದಲಿಗೂ ಬುದ್ಧಿಗೂ ಸಂಬಂಧವೇ ಇಲ್ಲ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ತೊದಲು ಇರುತ್ತದೆ. ಅಂದರೆ ಸಾವಿರ ಜನ ಕೂತ ಹಬ್ಬದ ಪೆಂಡಾಲಿನಲ್ಲಿ ನಿಮಗೆ ಗೊತ್ತಿರುವ ಆ ಒಬ್ಬ ಹುಡುಗ ಮಾತ್ರ ಇದ್ದ ಅಂದುಕೊಳ್ಳಬೇಡಿ.

ನಾಟಕ ಮುಗಿದ ಮಾರನೇ ದಿನವನ್ನೂ ಯೋಚನೆ ಮಾಡಿ. ನೀವು ಸೀನರಿ ಬಿಚ್ಚಿ, ಬಾಡಿಗೆ ಕೊಟ್ಟು, ಮನೆಗೆ ಹೋಗುತ್ತೀರಿ. ಆ ಹುಡುಗ ಸ್ಕೂಲಿಗೆ ಹೋಗುತ್ತಾನೆ. ನಿಮ್ಮ ಪಾತ್ರದ ಹೆಸರೇ ಅವನಿಗೆ ಅಡ್ಡಹೆಸರಾಗುತ್ತದೆ. ಹಳ್ಳಿಯಲ್ಲಿ ಅಡ್ಡಹೆಸರು ಒಂದು ಸಲ ಅಂಟಿಕೊಂಡರೆ ಮದುವೆ ಪತ್ರಿಕೆ ಹಂಚುವ ಕಾಲಕ್ಕೂ ಬಿಡುವುದಿಲ್ಲ, "ಯಾರ ಮದುವೆ?" ಅಂದರೆ ಅದೇ ಹೆಸರು ಹೇಳುತ್ತಾರೆ. ಹಾಗಾಗಿ "ಒಂದು ರಾತ್ರಿಯ ತಮಾಷೆ" ಅನ್ನುವುದು ಆಡಿದವರ ಲೆಕ್ಕ ಮಾತ್ರ.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಅವರ ಜೊತೆಗಾರರು ಇದೇ ವಿಷಯದ ಮೇಲೆ ಕೆಲಸ ಮಾಡಿದ್ದಾರೆ. 2008ರಲ್ಲಿ ಬಂದ ಅವರ ಒಂದು ಅಧ್ಯಯನದಲ್ಲಿ ಗಂಡಸರಿಗೆ ಹೆಂಗಸರನ್ನು ಹೀಯಾಳಿಸುವ ಜೋಕುಗಳನ್ನು ಕೊಟ್ಟು, ಆಮೇಲೆ ಮಹಿಳಾ ಸಂಸ್ಥೆಯೊಂದಕ್ಕೆ ಎಷ್ಟು ಹಣ ಕೊಡುತ್ತೀರಿ ಅಂತ ಕೇಳಿದರು. ಹೆಂಗಸರ ಬಗ್ಗೆ ಮೊದಲಿನಿಂದ ಕಹಿ ಇದ್ದವರು ಜೋಕು ಓದಿದ ಮೇಲೆ ಕಡಿಮೆ ಕೊಡಲು ಹೊರಟರು. ಕಹಿ ಇಲ್ಲದವರಲ್ಲಿ ಹಾಗೆ ಆಗಲಿಲ್ಲ. ಜೋಕು ಹೊಸದಾಗಿ ದ್ವೇಷ ಹುಟ್ಟಿಸಲಿಲ್ಲ, ಒಳಗೆ ಇದ್ದದ್ದನ್ನು ಹೊರಗೆ ತೋರಿಸಲು ಧೈರ್ಯ ಕೊಟ್ಟಿತು. ಊರಿನ ಎಲ್ಲರೂ ಸೇರಿ ನಕ್ಕಾಗ ಆಗುವುದೂ ಅದೇ. ಒಬ್ಬೊಬ್ಬರೇ ಇದ್ದಾಗ ಹುಡುಗನ ಮುಂದೆ ನಗಲು ಹಿಂಜರಿಯುತ್ತಿದ್ದವರಿಗೆ, ಪರವಾಗಿಲ್ಲ, ನಗಬಹುದು ಅಂತ ಊರೇ ಒಪ್ಪಿಗೆ ಕೊಟ್ಟ ಹಾಗಾಯಿತು.

ಹಾಗಂತ ತೊದಲುವ ಪಾತ್ರವೇ ಬೇಡವಾ? ಬೇಕು! ತೆಗೆದುಬಿಟ್ಟರೆ ಸ್ಟೇಜಿನ ಮೇಲೆ ಬರೀ ಸರಾಗವಾಗಿ ಮಾತಾಡುವವರೇ ಉಳಿಯುತ್ತಾರೆ, ಅದೂ ಆ ಹುಡುಗನನ್ನು ಹೊರಗಿಟ್ಟ ಹಾಗೆಯೇ. ಸೀನ್ ತಿರುಗಿಸಿ. ಹೆಣ್ಣು ನೋಡುವ ಶಾಸ್ತ್ರ ಬಿಡಿ, ನಿಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಕೊಬ್ಬರಿ ವ್ಯಾಪಾರ ತಗೊಳ್ಳಿ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ ಇದೆ. ವ್ಯಾಪಾರಿ ಮನೆ ಬಾಗಿಲಿಗೆ ಬಂದಿದ್ದಾನೆ, ತುಂಬಾ ಅವಸರದಲ್ಲಿದ್ದಾನೆ.

ವ್ಯಾಪಾರಿ: ಕ್ವಿಂಟಾಲಿಗೆ ಹನ್ನೆರಡು ಸಾವಿರ. ಏನಂತೀಯಾ?
ಹುಡುಗ: ಹನ್ನೆರಡಕ್ಕೆ ಕೊ... ಕೊ...
ವ್ಯಾಪಾರಿ: ಕೊಡ್ತೀಯಾ! ಲೇ, ತಕ್ಕಡಿ ಇಳಿಸ್ರೋ!
ಹುಡುಗ: ...ಕೊಡಲ್ಲ.
(ಇಳಿಸಿದ ತಕ್ಕಡಿಯನ್ನು ಮತ್ತೆ ಎತ್ತುತ್ತಾರೆ.)
ವ್ಯಾಪಾರಿ: ಹೋಗ್ಲಿ, ಹದಿಮೂರು?
ಹುಡುಗ: ಹದಿಮೂರಕ್ಕೆ ಆ... ಆ...
ವ್ಯಾಪಾರಿ: ಆಯ್ತು ಅಂದ! ಎಲ್ಲಾರೂ ಕೇಳಿಸ್ಕೊಂಡ್ರಲ್ಲಾ?
ಹುಡುಗ: ...ಆಗಲ್ಲ.
ವ್ಯಾಪಾರಿ: (ಬೆವರು ಒರೆಸಿಕೊಂಡು) ಕೊನೇ ಮಾತು. ಹದಿನೈದು!
ಹುಡುಗ: ಹದಿನೈದಕ್ಕೆ ಒ... ಒ...
ವ್ಯಾಪಾರಿ: ಒಲ್ಲೆ ಅಂತೀಯಾ? ತಗೋ ಮಾರಾಯ, ಹದಿನಾರು!
ಹುಡುಗ: ...ಒಪ್ಪಿದೆ.

ತೊದಲು ಇಲ್ಲೂ ಇದೆ, ನಗುವೂ ಇದೆ. ಆದರೆ ನಗಬೇಕಾದರೆ ಜನ ಏನು ನಂಬಿರಬೇಕು? ಎದುರಿಗಿರುವವನು ಮಾತು ಮುಗಿಸುವ ತನಕ ಕಾಯದವನು ಕೈ ಸುಟ್ಟುಕೊಳ್ಳುತ್ತಾನೆ ಅಂತ. ಇದನ್ನು ತೊದಲುವವರ ಮನೆಯವರೂ ನಂಬುತ್ತಾರೆ, ದಿನಾ ನೋಡಿರುತ್ತಾರೆ. ತೊದಲುವವರಿಗೆ ಜಾಸ್ತಿ ಬೇಜಾರಾಗುವುದೇ ಅವರ ಮಾತನ್ನು ಬೇರೆಯವರು ಬಾಯಿ ಹಾಕಿ ಮುಗಿಸಿದಾಗ.

ಆಡುವವರಿಗೆ ಒಂದೆರಡು ಮಾತು. ತೊದಲು ಸಾಮಾನ್ಯವಾಗಿ ಪದದ ಮೊದಲ ಅಕ್ಷರದಲ್ಲಿ ಬರುತ್ತದೆ, ಕೆಲವು ಸಲ ಶಬ್ದವೇ ಹೊರಡದೆ ಸುಮ್ನೆ ನಿಂತುಬಿಡುತ್ತದೆ. ನಮ್ಮ ನಾಟಕಗಳಲ್ಲಿ ಮಾಡುವ ಹಾಗೆ ಪ್ರತಿ ಪದವನ್ನೂ ಮೂರು ಮೂರು ಸಲ ಹೇಳಿ, ಕತ್ತು ಕುಣಿಸಿ, ಕಣ್ಣು ಮಿಟುಕಿಸುವುದು ಬೇಡ. ಹುಡುಗನ ಪಾತ್ರ ಸಮಾಧಾನವಾಗಿ ನಿಂತಿರಲಿ. ಅವಸರ, ಬೆವರು, ಓಡಾಟ ಎಲ್ಲಾ ವ್ಯಾಪಾರಿಗೆ ಕೊಡಿ. ರಿಹರ್ಸಲ್‌ಗೆ ಹೊರಗಿನವರು ನಾಲ್ಕು ಜನರನ್ನು ಕೂರಿಸಿಕೊಂಡು, ಅವರ ನಗು ಯಾವ ಮಾತಿನ ಮೇಲೆ ಬೀಳುತ್ತದೆ ಅಂತ ಕಿವಿಗೊಟ್ಟು ಕೇಳಿ. "ಕೊ... ಕೊ..." ಅಂದಾಗಲೇ ನಕ್ಕರೆ ಸೀನ್ ಇನ್ನೂ ಹಳೆಯ ಜಾಗದಲ್ಲೇ ಇದೆ ಅಂತ ಅರ್ಥ. ಆಗ ವ್ಯಾಪಾರಿಯ ಚಡಪಡಿಕೆಯನ್ನು ಇನ್ನೂ ಮುಂಚೆಯೇ ಶುರು ಮಾಡಿಸಿ, ಜನರ ಕಣ್ಣು ಅವನ ಮೇಲೆ ಇರಲಿ. "ಕೊಡಲ್ಲ" ಅಂದಾಗ ನಕ್ಕರೆ ಗೆದ್ದಿರಿ. ನಗು ಬಂತಾ ಇಲ್ವಾ ಅಂತ ಮಾತ್ರ ನೋಡುವವರು ಇದನ್ನು ಕಲಿಯುವುದೇ ಇಲ್ಲ.

ಇನ್ನು ಸೀರೆ ಉಟ್ಟ ಹುಡುಗ. ಗಂಡಸು ಸೀರೆ ಉಡುವುದು ನಮ್ಮ ರಂಗಭೂಮಿಗೆ ಹೊಸದಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಕಂಪನಿ ಕಟ್ಟಿದ ಕಾಲದಲ್ಲಿ ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಹಳ್ಳಿಗಳ ಕುರುಕ್ಷೇತ್ರ ನಾಟಕದಲ್ಲಿ ಗಂಡಸು ದ್ರೌಪದಿಯಾಗಿ ಬಂದರೆ ಜನ ನಗುತ್ತಿರಲಿಲ್ಲ, ಕಣ್ಣೀರು ಹಾಕುತ್ತಿದ್ದರು. ಹಾಗಾಗಿ ಸೀರೆಯಲ್ಲಿ ತಪ್ಪಿಲ್ಲ. ಚಪ್ಪಾಳೆ ತಟ್ಟಿಸಿದಿರಲ್ಲ, ಅಲ್ಲಿ ನೀವು ತೋರಿಸಿದ್ದು ಮಂಗಳಮುಖಿಯರನ್ನು. ಆ ನಗುವಿಗೆ ಬೇಕಾದ ನಂಬಿಕೆ ಏನು ಗೊತ್ತಾ? ಅವರು ಇರುವುದೇ ಒಂದು ತಮಾಷೆ ಅನ್ನುವುದು. ಪಾತ್ರಕ್ಕೆ ಕಥೆ ಇಲ್ಲ, ಕೆಲಸ ಇಲ್ಲ, ಒಂದು ಮಾತೂ ಇಲ್ಲ, ಬಂದು ಹೋಗುವುದೇ ಜೋಕು. ಮಂಗಳಮುಖಿ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತಗೊಂಡರು. ಅವರು ಬಂದದ್ದೂ ಇದೇ ಸ್ಟೇಜಿನ ಮೇಲಿಂದಲೇ, ಕುಣಿದು, ಹಾಡಿ, ನಗಿಸಿ. ನಿಮ್ಮ ಸೀನ್ ತಿದ್ದುವುದಕ್ಕೆ ಆಗುವಂಥದ್ದಲ್ಲ. ತೆಗೆದುಬಿಡಿ.

ಸ್ವಂತ ಮೈಯನ್ನೇ ಆಡಿಕೊಂಡು ನಗಿಸುವುದು ಬೇರೆ ಲೆಕ್ಕ. ನಿಮ್ಮ ತಿಪಟೂರಿನವರೇ ಆದ ಸಿನಿಮಾ ಹಾಸ್ಯನಟ ನರಸಿಂಹರಾಜು ತಮ್ಮ ಉಬ್ಬು ಹಲ್ಲನ್ನೇ ಗುರುತು ಮಾಡಿಕೊಂಡರು. ಹಲ್ಲು ಅವರದು, ತೋರಿಸಬೇಕು ಅಂತ ತೀರ್ಮಾನ ಮಾಡಿದವರೂ ಅವರೇ. ಅದನ್ನು ನೋಡಿಕೊಂಡು ಕ್ಲಾಸಿನ ಉಬ್ಬು ಹಲ್ಲಿನ ಹುಡುಗಿಯ ಮೇಲೆ ಜೋಕು ಕಟ್ಟಿದರೆ ಅದು ಹಾಸ್ಯ ಕಲಿತ ಹಾಗೆ ಅಲ್ಲ. ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದು ಸದಾರಮೆ ನಾಟಕದ ಕಳ್ಳನ ಪಾತ್ರದಲ್ಲಿ. ಕಳ್ಳ ನಗಿಸುವುದು ಅವನ ಚಾಲಾಕಿಯಿಂದ. ಅವನ ಮೈಯ ಕುಂದು ಯಾವುದನ್ನೂ ತೋರಿಸಬೇಕಾಗಿಲ್ಲ.

ಭಾಷೆಯ ವಿಷಯಕ್ಕೂ ಇದನ್ನು ಹಚ್ಚಬಹುದು. ಕೋಲಾರ, ಚಿಂತಾಮಣಿ, ನಮ್ಮ ಜಿಲ್ಲೆಯ ಪಾವಗಡ, ಈ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಅಲ್ಲಿಯವರು ತಮ್ಮ ತೆಲುಗು ಬೆರೆತ ಕನ್ನಡವನ್ನು ತಾವೇ ಆಡಿಕೊಂಡು ನಕ್ಕಾಗ, ನಾವೆಲ್ಲಾ ಹೀಗೇ ಅಲ್ವಾ ಅನ್ನುವ ಸಲಿಗೆ ಇರುತ್ತದೆ. ಹೊರಗಿನವನು ಅದೇ ಮಾತನ್ನು ತಗೊಂಡು, ಪಾತ್ರಕ್ಕೆ ಹರಿದ ಬಟ್ಟೆ ಹಾಕಿಸಿ ಹೇಳಿಸಿದರೆ, ಆ ಕಡೆಯವರು ಹಳ್ಳಿಗುಗ್ಗುಗಳು ಅನ್ನುವ ನಂಬಿಕೆ ಬೇಕಾಗುತ್ತದೆ. ಮಾತು ಒಂದೇ, ನಗು ಬೇರೆ.

ಜಾತಿಯ ವಿಷಯದಲ್ಲಿ ನಾನು ಸಲಿಗೆ ಕೊಡುವುದೇ ಇಲ್ಲ. ಯಾವುದೋ ಕುಲಕಸುಬಿನ ಹೆಸರು ಹಿಡಿದು, ಆ ಹೆಸರು ಕೇಳಿದರೇ ನಗು ಬರುವ ಹಾಗೆ ಎಷ್ಟೋ ನಾಟಕಗಳಲ್ಲಿ ಪಾತ್ರ ಕಟ್ಟಿರುತ್ತಾರೆ. ಅಲ್ಲಿ ಜನ ನಂಬಿರಬೇಕಾದದ್ದು ಕೆಲವರು ಹುಟ್ಟಿನಿಂದಲೇ ಕೀಳು ಅನ್ನುವುದನ್ನು. ಜಾತಿ ಬಗ್ಗೆ ಜೋಕು ಮಾಡಲೇಬೇಕಾ? ಮೇಲು ಅಂದುಕೊಂಡವನ ಪಾಡಿನ ಬಗ್ಗೆ ಮಾಡಿ. ಮಡಿ ಮೈಲಿಗೆ ಅಂತ ಹಾರಾಡುವವನು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನ ಮನೆತನದ ಹೆಸರು, ಊರು, ಅಜ್ಜಿ ಮನೆ ಎಲ್ಲಾ ಕೇಳಿ ಜಾತಿ ಕಂಡುಹಿಡಿಯಲು ಒದ್ದಾಡುವುದನ್ನು ತೋರಿಸಿ. ನಮ್ಮ ಕಡೆ ಅದನ್ನು ಎಲ್ಲರೂ ನೋಡಿದ್ದಾರೆ.

ದೇವರ ವಿಷಯಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಜಾಗ ಇದೆ. ದಾಸರು ದೇವರನ್ನೇ ಬೈದು ಹಾಡಿದ್ದಾರೆ, ಅದನ್ನು ನಿಂದಾಸ್ತುತಿ ಅಂತ ಕರೆದು ಭಜನೆಯಲ್ಲಿ ಹಾಡುತ್ತೇವೆ. ನಮ್ಮ ಬಯಲುಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ನಗಿಸುವ ಪಾತ್ರವಾದ ಸಾರಥಿ, ಕಿರೀಟ ಇಟ್ಟು ಬಂದ ರಾಜನನ್ನೇ ನೀನು ಯಾರು, ಎಲ್ಲಿಂದ ಬಂದೆ ಅಂತ ವಿಚಾರಿಸಿ ಕಿಚಾಯಿಸುತ್ತಾನೆ. ಆದರೆ ಅದು ತನ್ನವರನ್ನು ತಾನು ಆಡಿಕೊಳ್ಳುವ ಸಲಿಗೆ. ಗಣೇಶನ ಪೆಂಡಾಲಿನಲ್ಲಿ ಗಣೇಶನ ಹೊಟ್ಟೆ ಬಗ್ಗೆ ಜೋಕು ಮಾಡಿದರೆ ಅಜ್ಜಿಯರೂ ನಗುತ್ತಾರೆ. ಅದೇ ಪೆಂಡಾಲಿನಲ್ಲಿ ಪಕ್ಕದ ಬೀದಿಯ ಬೇರೆ ಧರ್ಮದವರ ಬಗ್ಗೆ ಮಾಡಿದರೆ, ಅವರಿಗೆ ಉತ್ತರ ಕೊಡಲು ಅಲ್ಲಿ ಸ್ಟೇಜೂ ಇಲ್ಲ, ನಗುವ ಜನರೂ ಇಲ್ಲ.

ಕಾನೂನು ಏನು ಹೇಳುತ್ತದೆ ಅಂತ ನೀವು ಕೇಳಿಲ್ಲ. ಆದರೂ ಸಂಘದವರಿಗೆ ಗೊತ್ತಿರಲಿ. ಧಾರ್ಮಿಕ ಭಾವನೆ ಕೆರಳಿಸುವುದರ ಬಗ್ಗೆ ಇದ್ದ ಐಪಿಸಿ 295ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಆಗಿದೆ. ಬೇಕಂತಲೇ, ದುರುದ್ದೇಶದಿಂದ ಮಾಡಿದ್ದಕ್ಕೆ ಮಾತ್ರ ಅದು ಅನ್ವಯ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ಒಂದು ಕವಿತೆಯ ಕೇಸಿನಲ್ಲಿ ಅದೇ ಕೋರ್ಟು, ಮಾತಿನ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ ಸಾಮಾನ್ಯ ಮನುಷ್ಯನ ಕಣ್ಣಿನಿಂದ, ಸಣ್ಣದಕ್ಕೂ ಅಲುಗಾಡುವವರ ಕಣ್ಣಿನಿಂದ ಅಲ್ಲ ಅಂತ ಹೇಳಿ, ನಾಟಕ, ವಿಡಂಬನೆ, ಸ್ಟ್ಯಾಂಡಪ್ ಕಾಮಿಡಿಯ ಹೆಸರನ್ನೂ ಎತ್ತಿತು. ಇನ್ನೊಂದು ಕಡೆ, ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಎದುರು ಜಾತಿ ಹೆಸರಿನಲ್ಲಿ ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ವಿಕಲಚೇತನರನ್ನು ಜನರ ಎದುರು ಬೇಕಂತಲೇ ಅವಮಾನ ಮಾಡಿದರೆ 2016ರ ಕಾಯ್ದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ. 2024ರ ಜುಲೈನಲ್ಲಿ ಒಂದು ಸಿನಿಮಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವೈಕಲ್ಯ ಇರುವವರನ್ನು ಕುಗ್ಗಿಸುವ ಹಾಸ್ಯ ಬೇರೆ ಅಂತ ಬಿಡಿಸಿ ಹೇಳಿತು. ನಾನು ಮೇಲೆ ಎರಡು ಸೀನ್ ಇಟ್ಟು ತೋರಿಸಿದ ವ್ಯತ್ಯಾಸವೂ ಅದೇ.

ಕೇಸ್ ಆಗುವುದಿಲ್ಲ ಅಂದ ಮಾತ್ರಕ್ಕೆ ಜೋಕು ಸರಿ ಅಂತಲ್ಲ. ಕೇಸ್ ಆಯಿತು ಅಂದ ಮಾತ್ರಕ್ಕೆ ತಪ್ಪು ಅಂತಲೂ ಅಲ್ಲ. ಬಂಗಾಳದಲ್ಲಿ ಆಳುವವರನ್ನೂ ಅವರ ಹಿಂಬಾಲಕರನ್ನೂ ಆಡಿಕೊಳ್ಳುವ ನಾಟಕಗಳು ಬಂದಾಗ ಬ್ರಿಟಿಷರು 1876ರಲ್ಲಿ ನಾಟಕ ನಿಲ್ಲಿಸುವುದಕ್ಕೇ ಒಂದು ಕಾಯ್ದೆ ತಂದರು. ಅವರಿಗೂ ನೋವಾಗಿತ್ತು! 1948ರಲ್ಲಿ ಕಾರ್ಟೂನಿಸ್ಟ್ ಶಂಕರ್ ತಮ್ಮ ವಾರಪತ್ರಿಕೆ ಶುರು ಮಾಡಿದಾಗ ನೆಹರೂ ಅವರು ನನ್ನನ್ನೂ ಬಿಡಬೇಡಿ ಅಂದದ್ದು ಹೆಸರಾದ ಮಾತು. ಅಧಿಕಾರದಲ್ಲಿ ಇರುವವರು ಆಡಬೇಕಾದ ಮಾತು ಅದು.

ಮೊಬೈಲ್ ಬಗ್ಗೆಯೂ ಯೋಚಿಸಿ. ಮುಕ್ಕಾಲು ಗಂಟೆಯ ನಾಟಕದಿಂದ ಯಾರೋ ಅರ್ಧ ನಿಮಿಷ ಮಾತ್ರ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕುತ್ತಾರೆ. ಕೊಬ್ಬರಿ ಸೀನಿನಲ್ಲೂ "ಕೊ... ಕೊ..." ಅಷ್ಟೇ ಹರಿದಾಡಿದರೆ ನೀವು ಪಟ್ಟ ಶ್ರಮ ವ್ಯರ್ಥ. ಪೂರ್ತಿ ನಾಟಕವನ್ನು ಸಂಘದವರೇ ರೆಕಾರ್ಡ್ ಮಾಡಿ ಅದೇ ರಾತ್ರಿ ಗ್ರೂಪಿಗೆ ಹಾಕಿಬಿಡಿ.

ಆ ಮನೆಗೆ ನೀವೇ ಹೋಗಬೇಕು. ಇಡೀ ಸಂಘ ಬೇಡ, ಇಬ್ಬರು ಸಾಕು. ಸ್ಕ್ರಿಪ್ಟ್ ಬರೆಯುವುದಕ್ಕೆ ಮೊದಲು ಹೋಗಿ. "ತಪ್ಪು ತಿಳ್ಕೋಬೇಡಿ, ತಮಾಷೆಗೆ ಮಾಡಿದ್ವಿ" ಅನ್ನಬೇಡಿ, ಅದನ್ನು ಅವರು ಕೇಳಿ ಕೇಳಿ ಸಾಕಾಗಿರುತ್ತಾರೆ. ಸೀನ್ ತಪ್ಪಾಗಿತ್ತು, ಈ ವರ್ಷ ಆಡುವುದಿಲ್ಲ ಅಂತ ನೇರವಾಗಿ ಹೇಳಿ. ಹುಡುಗನ ಜೊತೆ ಮಾತಾಡುವಾಗ ಅವನು ಹೇಳುವುದನ್ನು ಮುಗಿಸುವ ತನಕ ಕಾಯಿರಿ. ಅವನಿಗೆ ನಾಟಕದ ಆಸೆ ಇದೆಯಾ ಕೇಳಿ. ತೊದಲುವ ಎಷ್ಟೋ ಜನರಿಗೆ ಹಾಡುವಾಗ ತೊದಲು ಬರುವುದೇ ಇಲ್ಲ, ಹಾಡು ಇರುವ ಪಾತ್ರ ಅವನಿಗೆ ಹಿಡಿಸಬಹುದು. ಕೊಬ್ಬರಿ ಹುಡುಗನ ಪಾತ್ರವೇ ಬೇಕು ಅಂದರೂ ಸರಿ, ವ್ಯಾಪಾರಿ ಪಾತ್ರ ಬೇಕು ಅಂದರೂ ಸರಿ. ಬೇಡ ಅಂದರೆ ಒತ್ತಾಯ ಮಾಡಬೇಡಿ, ಆ ಮಾತನ್ನು ಅಲ್ಲಿಗೇ ಬಿಟ್ಟು ಕಾಫಿ ಕುಡಿದು ಬನ್ನಿ.

ಕಂಟ್ರಾಕ್ಟರ್ ಸೀನ್ ಇಟ್ಟುಕೊಳ್ಳಿ, ಆದರೆ ಇನ್ನೂ ಹರಿತ ಮಾಡಿ. ಹೋದ ವರ್ಷ ಅವರ ಹೊಟ್ಟೆ, ಬೊಕ್ಕತಲೆ ಏನಾದರೂ ಆಡಿಕೊಂಡಿದ್ದರೆ ಅದನ್ನು ತೆಗೆಯಿರಿ. ರಸ್ತೆಗೆ ಎಷ್ಟು ದುಡ್ಡು ಬಂತು, ಎಷ್ಟು ದಿನಕ್ಕೆ ಜಲ್ಲಿ ಮೇಲೆ ಬಂತು, ಅದನ್ನು ಪಂಚಾಯ್ತಿಯಲ್ಲಿ ವಿಚಾರಿಸಿ ಸರಿಯಾದ ಅಂಕಿ ಹಾಕಿ. ಊಹೆ ಮಾಡಿ ಬರೆದರೆ ಮಾನನಷ್ಟ ಕೇಸಿಗೆ ದಾರಿ, ಜೊತೆಗೆ ಸೀನೂ ಸಪ್ಪೆ. ಅವರನ್ನೂ ನಾಟಕಕ್ಕೆ ಕರೆಯಿರಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ. ಮುಗಿದ ಮೇಲೆ ಎರಡು ಮಾತಾಡುತ್ತೇನೆ ಅಂದರೆ ಮೈಕ್ ಕೊಡಿ.